ಲೋಟದೊಳಗಿನ ಮೂರು ಪದರ

ರಾಯದುರ್ಗ
೧೯ ಮೇ ೧೯೩೭, ಬುಧವಾರ

ನಮ್ಮ ಮನೆಯವರಿಗೆ ಹಂಪಮ್ಮ ಮಾಡುವ ನಮಸ್ಕಾರಗಳು.

ನಿನ್ನೆ ಸಂಜೆ ವಕೀಲ ಸಿದ್ದಬಸಪ್ಪನವರ ಮನೆಯ ಪಾರ್ಟಿಯಲ್ಲಿ ನಿಮ್ಮ ಕೋಟಿನ ಮೇಲೆ ಬಿದ್ದ ಸಿಹಿ ನಾನು ಮಾಡಿದ್ದು. ಬಿದ್ದದ್ದನ್ನು ನಾನು ಕಾಣಲಿಲ್ಲ. ಬಡಿಸಲು ನಿಂತಿದ್ದ ಆಳು ಹೊನ್ನೂರಪ್ಪ ಅಡುಗೆಮನೆಗೆ ಬಂದು ಹೇಳಿದ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೆ ನಗು ಬರಲಿಲ್ಲ.

ವರ್ಗವಾಗಿ ಹೋಗುತ್ತಿರುವ ನಿಮ್ಮ ಇಲಾಖೆಯ ಇಂಜಿನಿಯರಿಗೆ ಪಾರ್ಟಿ ಕೊಡುವುದೆಂದು ನಿಶ್ಚಯವಾದಾಗ, ವಕೀಲರ ಮನೆಯಾಕೆ ಈಶ್ವರಮ್ಮನವರು ತಾವು ಬಳ್ಳಾರಿಯಲ್ಲಿ ಕಂಡಿದ್ದ ಒಂದು ಸಿಹಿಯೇ ಆಗಬೇಕೆಂದರು. ಒಬ್ಬೊಬ್ಬರಿಗೆ ಒಂದೊಂದು ಗಾಜಿನ ಲೋಟ. ಹೊರಗಿನಿಂದ ನೋಡಿದರೆ ಮೊಳಕಾಲ್ಮೂರು ಸೀರೆಯ ಅಂಚಿನಂತೆ ಒಂದರ ಮೇಲೊಂದು ಬಣ್ಣ. ಅದನ್ನು ಹೇಗೆ ಮಾಡುತ್ತಾರೆಂದು ಅವರಿಗೆ ತಿಳಿಯದು. ಮೊಟ್ಟೆ ಹಾಕುತ್ತಾರೆಂಬುದು ಮಾತ್ರ ತಿಳಿದಿತ್ತು. "ಅದೊಂದು ಬಿಟ್ಟು ಏನರ ಹಾಕವ್ವ, ನಿನ್ ಕೈಗೆ ಬರ್ತದ" ಎಂದರು. ತಂದೆಯವರು ತೀರಿಹೋದ ಮೇಲೂ ತಮ್ಮ ಗುಮಾಸ್ತರ ಮಗಳೆಂದು ಹಿತ್ತಲ ಕಡೆಯ ಕೋಣೆಗಳನ್ನು ನನಗೇ ಬಿಟ್ಟಿದ್ದಾರೆ. ಒಲ್ಲೆ ಎನ್ನಲಾಗಲಿಲ್ಲ.

ಅಡಿಯಲ್ಲಿ ತುಪ್ಪದಲ್ಲಿ ಹುರಿದು ಹಾಲಿನಲ್ಲಿ ಬೇಯಿಸಿದ ರವೆ. ಅದರ ಮೇಲೆ ಸಕ್ಕರೆ ಹಾಕಿ ಕುದಿಸಿ ಗಟ್ಟಿ ಮಾಡಿದ ಮಾವಿನ ರಸ. ಮೇಲೆ ಆರಾರೂಟು ಬೆರೆಸಿದ ಏಲಕ್ಕಿ ಹಾಲು. ಒಂದು ಪದರ ಆರಿ ಹೆಪ್ಪಾಗುವ ಮೊದಲೇ ಇನ್ನೊಂದನ್ನು ಸುರಿದರೆ ಎರಡೂ ಕಲೆತು ಕೆಸರಾಗುತ್ತವೆ. ಮೊದಲ ಸಲ ಹಾಗೇ ಆಯಿತು. ಆಮೇಲೆ ಲೋಟಗಳನ್ನು ಒದ್ದೆ ಮರಳಿನಲ್ಲಿ ನಿಲ್ಲಿಸಿ, ಚಮಚ ಬೋರಲು ಹಿಡಿದು, ಅದರ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಿದೆ. ಗೆರೆಗಳು ನೇರವಾಗಿ ಬಂದವು. ದಿನವೂ ಒಬ್ಬಳಿಗಾಗಿ ಒಂದು ಹಿಡಿ ಅಕ್ಕಿ ಬೇಯಿಸುವವಳಿಗೆ ಅಷ್ಟು ಲೋಟಗಳ ಸಾಲು ನೋಡಿ ಸ್ವಲ್ಪ ಹೊತ್ತು ಕೈ ಓಡಲಿಲ್ಲ.

ನೀವು ಬಂದಿರುವ ಸಂಗತಿ ಹೊನ್ನೂರಪ್ಪ ಹೇಳುವ ತನಕ ನನಗೆ ತಿಳಿದಿರಲಿಲ್ಲ.

ಪ್ರತಿ ಲೋಟದ ಪಕ್ಕ ಚಮಚ ಇಡಿಸಿದ್ದೆ. ಆದರೆ ನೀವು ಹಾಲಾಗಲಿ ಮಜ್ಜಿಗೆಯಾಗಲಿ ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಹಾಕಿ, ಮೇಲಿನಿಂದಲೇ ಬಾಯಿಗೆ ಬಿಟ್ಟುಕೊಳ್ಳುವವರು. "ಇದೇನ್ರಿ, ಶರಬತ್ತಾ?" ಎಂದು ಪಕ್ಕದವರನ್ನು ಕೇಳಿದಿರಂತೆ. ಅವರು ತಿರುಗಿಯೂ ನೋಡದೆ "ಹೌದ್ರಿ, ಹಾಕ್ರಿ" ಎಂದರಂತೆ. ನೀವು ಲೋಟ ಎತ್ತಿ ಬಗ್ಗಿಸಿದಿರಿ. ಏನೂ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದಿರಿ. ಆಗ ಮೂರು ಪದರವೂ ಒಂದೇ ಸಲಕ್ಕೆ ಜಾರಿ ಮೀಸೆಯಿಂದ ಎದೆಯವರೆಗೆ ಇಳಿದವಂತೆ.

"ಓವರ್ಸಿಯರ್ ಸಾಹೇಬ್ರ, ಕೆರಿ ಕಟ್ಟಿ ಒಡೀತಲ್ರಿ! ಮರಾಮತ್ತಿಗೆ ಬರೀರಿ!" ಎಂದು ಯಾರೋ ಕೂಗಿದರು. ಆ ನಗು ಅಡುಗೆಮನೆಗೂ ಕೇಳಿಸಿತು. ನೀವು ಸಿಟ್ಟಾಗುತ್ತೀರಿ ಎಂದುಕೊಂಡೆ. ಆಗಲಿಲ್ಲವಂತೆ. "ಕಟ್ಟಿ ಚಲೋ ಇತ್ರಿ, ತೂಬು ಎತ್ತಿದಂವ ನಾನಽ" ಎಂದಿರಂತೆ.

ಆಮೇಲೆ ಕೋಟು ಒರೆಸಿಕೊಳ್ಳಲು ಹಿತ್ತಿಲಿಗೆ ಬಂದಿರಿ. ಇದು ಹೊನ್ನೂರಪ್ಪ ಹೇಳಿದ್ದಲ್ಲ. ನಾನು ಬಾಗಿಲ ಹಿಂದೆ ನೀರಿನ ಚೊಂಬು ಹಿಡಿದು ನಿಂತಿದ್ದೆ. ನಿಮ್ಮ ಕೂದಲು ಕಿವಿಯ ಹತ್ತಿರ ಪೂರಾ ಬೆಳ್ಳಗಾಗಿದೆ. ಚೊಂಬನ್ನು ಹೊನ್ನೂರಪ್ಪನ ಕೈಗೆ ಕೊಟ್ಟು, ನಾನಿಲ್ಲವೆಂದು ಹೇಳು ಎಂದು ಸನ್ನೆ ಮಾಡಿದೆ. ನೀವು ಕೈ ತೊಳೆದು ಕೇಳಿದಿರಿ:

"ಒಳಗ ಯಾರದಾರೋ?"

"ಯಾರೂ ಇಲ್ರಿ."

ನೀವು ಬಾವಿಯ ಕಡೆ ತಿರುಗಿ ಕೋಟು ಒರೆಸಿಕೊಂಡಿರಿ. ಹೋಗುವಾಗ, "ಹಂಗಾರ ಅವರಿಗೆ ಹೇಳು, ಮಾವಿನಹಣ್ಣು ಭಾಳ ಚಲೋ ಇದ್ವು ಅಂತ" ಎಂದಿರಿ.

ಹೊನ್ನೂರಪ್ಪ ನನ್ನ ಮುಖ ನೋಡಿದ. "ಯಾರೂ ಇಲ್ಲಂದ್ರ ಯಾರಿಗೆ ಹೇಳ್ಲವ್ವ ನಾನು?" ಎಂದ. ನೀವು ಇವತ್ತು ಬೆಳಗಿನ ಮೋಟಾರಿಗೆ ಹೋದಿರೆಂದು ಆಮೇಲೆ ತಿಳಿಯಿತು.

ನಿಮಗೆ ಮಡಕಶಿರಾಕ್ಕೆ ವರ್ಗವಾದಾಗ ತಂದೆಯವರ ಆರೈಕೆಗೆಂದು ನಾನು ಇಲ್ಲಿ ಉಳಿದೆ. ಅವರು ತೀರಿಕೊಂಡಾಗ ನೀವು ಬಂದು ಕಾರ್ಯ ಮುಗಿಸಿ ಹೋದಿರಿ. ಹೊರಡು ಎಂದು ನೀವು ಹೇಳಲಿಲ್ಲ. ಬರುತ್ತೇನೆ ಎಂದು ನಾನು ಹೇಳಲಿಲ್ಲ. ಆಮೇಲೆ ಎರಡು ಬೇಸಿಗೆ ಕಳೆದವು. ನಮ್ಮಲ್ಲಿ ಜಗಳವಿಲ್ಲ. ಜಗಳವಿದ್ದಿದ್ದರೆ ಈಶ್ವರಮ್ಮನವರಂಥವರು ನಡುವೆ ಬಂದು ಬಿಡಿಸುತ್ತಿದ್ದರು. ಏನೂ ಇಲ್ಲದ್ದನ್ನು ಯಾರು ಬಿಡಿಸಬೇಕು? ಕರೆಯದೆ ಬಂದಳು ಎಂದು ನೀವು ಅಂದುಕೊಳ್ಳುತ್ತೀರಿ ಎಂಬುದೇ ನನ್ನ ಭಯವಾಗಿತ್ತು. ನಿಮ್ಮ ಭಯ ಏನೆಂದು ನಾನು ಕೇಳಿದ್ದಿಲ್ಲ.

ಮಧ್ಯಾಹ್ನ ವಕೀಲರ ಮನೆಯ ಪತ್ರಿಕೆಯನ್ನು ಎಂದಿನಂತೆ ಕೊನೆಯ ಪುಟದವರೆಗೆ ಓದಿದೆ. ಅಷ್ಟು ಊರುಗಳ ಸುದ್ದಿ ನನಗೆ ಗೊತ್ತು. ಮಡಕಶಿರಾದಲ್ಲಿ ನಿಮಗೆ ಯಾರು ಅಡುಗೆ ಮಾಡುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂಬುದು ಗೊತ್ತಿಲ್ಲ.

ಬಾಗಿಲ ಹಿಂದೆ ಇದ್ದವಳು ನಾನೇ. ಹಣ್ಣಿನ ಮಾತು ತಲುಪಿತು.

ಆರೋಗ್ಯ ನೋಡಿಕೊಳ್ಳಿ.

ಹಂಪಮ್ಮ

ತಾ. ಕ.: ನೀವು ಬರುವುದು ನನಗೆ ತಿಳಿದಿರಲಿಲ್ಲ ಎಂದು ಮೇಲೆ ಬರೆದದ್ದು ನಿಜವಲ್ಲ. ಕರೆಯುವವರಲ್ಲಿ ನಿಮ್ಮನ್ನೂ ಸೇರಿಸಬೇಕೆಂದು ವಕೀಲರನ್ನು ಕೇಳಿಕೊಂಡವಳು ನಾನೇ. ಕೋಣೆಗಳ ಬೀಗದ ಕೈಯನ್ನು ಇವತ್ತು ಸಂಜೆ ಈಶ್ವರಮ್ಮನವರಿಗೆ ಒಪ್ಪಿಸಿದೆ. ಹೊರಡುವವರೆಗೆ ಅವರ ಮನೆಯಲ್ಲೇ ಮಲಗುತ್ತೇನೆ. ಕಲ್ಯಾಣದುರ್ಗದ ಮೋಟಾರು ಸೋಮವಾರ ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ಅಲ್ಲಿ ರಾತ್ರಿ ತಂಗಿ, ಮಡಕಶಿರಾಕ್ಕೆ ಮಂಗಳವಾರ ಸಂಜೆ ತಲುಪುತ್ತೇನೆ.