ಬೇಡ ಅಂದವಳು ನಾನಲ್ಲ

ಯಳಂದೂರು
24-8-2025, ಭಾನುವಾರ

ನಮ್ಮನೆಯವರಿಗೆ ಶರಣು.

ನಾನಿಲ್ಲಿ ತಂಗಿ ಮನೆಯಲ್ಲಿ ಚೆನ್ನಾಗಿದ್ದೇನೆ. ನೀವು, ನಿಮ್ಮ ಗೊಬ್ಬರದ ಅಂಗಡಿ, ಎರಡೂ ಸುಖವಾಗಿರಬಹುದು. "ಸಿಟ್ಟು ಇಳಿದಿದ್ರೆ ಬಾ" ಎಂದು ನೀವು ಕಳಿಸಿದ ಮೆಸೇಜು ತಲುಪಿತು. ಫೋನಿನಲ್ಲಿ ಉತ್ತರ ಹೇಳಹೋದರೆ ಅರ್ಧಕ್ಕೇ "ಆಯ್ತು ಬುಡು" ಅನ್ನುತ್ತೀರಿ. ಕಾಗದಕ್ಕೆ ಯಾರೂ ಅಡ್ಡಬಾಯಿ ಹಾಕುವಂತಿಲ್ಲ.

ಕೊಳ್ಳೇಗಾಲದ ಆ ಆಫೀಸಿಗೆ ನನ್ನನ್ನು ಟೈಪ್ ಮಾಡಲು ಸೇರಿಸಿದವರು ನೀವೇ. ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಜಾಗ. ಇಡೀ ದಿನ ಸದಸ್ಯರ ಹೆಸರು ಹೊಡೆಯುವುದು, ಸಂಜೆ ಮನೆ ಕಡೆ ನಡೆಯುವುದು. ಮೇಲೆ ಫ್ಯಾನಿನ ಗಾಳಿ, ಕೆಳಗೆ ತಲೆ ಖಾಲಿ. ಆಮೇಲೆ ಓನರ್ ಗುರುಪ್ರಕಾಶ್ ನನಗೆ ಟೆಸ್ಟಿಂಗ್ ಕೊಟ್ಟರು. ಹುಡುಗರು ಬರೆದ ಪ್ರೋಗ್ರಾಮಿನಲ್ಲಿ ಏನೇನೋ ತುಂಬಿ, ಎಲ್ಲಿ ಕೆಡುತ್ತದೆ ಎಂದು ನೋಡುವುದು. ನಿಮ್ಮಮ್ಮನ ಅಡುಗೆಮನೆಯಲ್ಲಿ ಇಷ್ಟು ವರ್ಷ ಪುಕ್ಕಟೆ ತಪ್ಪು ಹುಡುಕಿಸಿಕೊಂಡವಳಿಗೆ, ಹುಡುಕುವುದಕ್ಕೂ ಸಂಬಳವುಂಟು ಎಂದು ತಿಳಿದದ್ದು ನಲವತ್ತೈದನೇ ವಯಸ್ಸಿನಲ್ಲಿ.

ಶಾಗ್ಯದ ಮಹಿಳಾ ಡೈರಿಯ ಕಥೆ ನಿಮಗೆ ಅರ್ಧ ಗೊತ್ತು. ಸದಸ್ಯರ ವಿವರದಲ್ಲಿ 'ಗಂಡನ ಹೆಸರು' ಎಂದು ಒಂದು ಚೌಕವಿತ್ತು. ನನ್ನದೇ ವಿವರ ಹಾಕಿ ಪರೀಕ್ಷೆ ಮಾಡುತ್ತಿದ್ದ ನಾನು ಅದೊಂದನ್ನು ಪ್ರತಿ ಸಲವೂ ಖಾಲಿ ಬಿಟ್ಟು ಮುಂದೆ ಹೋಗಿದ್ದೆ. ಮದುವೆಯಾದಾಗಿನಿಂದ ಬಾಯಲ್ಲಿ ಬರದ ಹೆಸರು ಬೆರಳಲ್ಲೂ ಬರಲಿಲ್ಲ. ಆ ಚೌಕ ತುಂಬಿದರೆ ಇಡೀ ಪರದೆ ನಿಂತುಬಿಡುತ್ತದೆ ಎಂದು ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಮೊದಲ ದಿನವೇ ಡೈರಿ ಮುಂದೆ ಹಾಲಿನ ಕ್ಯಾನುಗಳ ಸಾಲು. ಕಾರ್ಯದರ್ಶಿ ಪುಟ್ಟಬಸಮ್ಮ ಫೋನಿನಲ್ಲಿ ಕೂಗಿದರು: "ಏನವ್ವಾ ಮಾಲಿನಿ, ಗಂಡನ ಎಸ್ರು ಒಡುದ್ರೆ ನಿನ್ ಕಂಪ್ಯೂಟ್ರು ಉಸ್ರೇ ಬುಡಾಕಿಲ್ವಲ್ಲ! ಅದ್ಕೂ ನಮ್ಮಂಗೆ ನಾಚ್ಕೆನಾ?" ಆ ಬೆಳಗಿನ ಹಾಲೆಲ್ಲ ಒಡೆಯಿತು.

ಅಲ್ಲಿಯವರೆಗೆ ನಿಮಗೆ ಗೊತ್ತು, ನಕ್ಕಿದ್ದೀರಿ ಕೂಡ. ಉಳಿದರ್ಧ ಕೇಳಿ. ಪ್ರೋಗ್ರಾಮು ಬರೆಯುವ ನಿಂಗರಾಜುವಿನ ಪಕ್ಕ ಸಂಜೆತನಕ ಕೂತು, ಅವನು ಒಂದೊಂದು ಸಾಲಿನ ಅರ್ಥ ಹೇಳುತ್ತಾ ಹೋದಂತೆ, ಕೆಟ್ಟ ಸಾಲಿನ ಮೇಲೆ ಬೆರಳಿಟ್ಟವಳು ನಾನು. ಗುರುಪ್ರಕಾಶ್ ಅಲ್ಲೇ ನಿಂತಿದ್ದರು. "ಮಾಲಿನಿಯಮ್ಮ, ಸೋಮವಾರದಿಂದ ಹುಡುಗರ ಜೊತೆ ಕೂತ್ಕಂಡು ಬರೆಯೋದ್ನೇ ಕಲೀರಿ. ಆರು ತಿಂಗ್ಳು ಒದ್ದಾಡ್ತೀರ. ಆಮೇಲೆ ನಿಮ್ಮನ್ನ ಯಾರೂ ಅಲ್ಲಾಡ್ಸಕಾಗಲ್ಲ" ಎಂದರು. ಆ ರಾತ್ರಿ ಊಟಕ್ಕೆ ಬಡಿಸುತ್ತಾ ನಿಮಗೆ ಹೇಳಿದೆ. ನೀವು ಹ್ಞೂಂ ಎಂದಿರಿ, ಸಾರು ಕೇಳಿದಿರಿ.

ಸೋಮವಾರ ಹೋದರೆ ಹುಡುಗರ ಸಾಲಿನಲ್ಲಿ ನನಗೆಂದಿದ್ದ ಕುರ್ಚಿಯಲ್ಲಿ ಸಿಂಧು ಎಂಬ ಹೊಸ ಹುಡುಗಿ. ನನ್ನ ಹಳೇ ಟೈಪಿಂಗ್ ಜಾಗಕ್ಕೆ ಹೊಸ ದಿಂಬು! ಕೇಳಿದರೆ ಗುರುಪ್ರಕಾಶ್ ತಬ್ಬಿಬ್ಬಾದರು. "ಶನಿವಾರ ನಿಮ್ಮನೆಯವ್ರು ಬಂದಿದ್ರಲ್ಲಾ? 'ಅವ್ಳಿಗೆ ಆ ತಲೆನೋವೆಲ್ಲ ಯಾಕ್ ಸಾ, ಮೊದ್ಲಂಗೇ ಟೈಪ್ ಮಾಡ್ಕಂಡಿರ್ಲಿ ಬುಡಿ. ಅವ್ಳೂ ಬ್ಯಾಡ ಅಂದ್ಲು' ಅಂದ್ರು" ಎಂದರು.

ಬೇಡ ಎಂದು ನಾನು ಯಾವಾಗ ಅಂದೆ? ನಿಮಗೆ ಬೇಡವಾಗಿದ್ದರೆ ನನಗೆ ಹೇಳಬಹುದಿತ್ತು, ಜಗಳವಾಡಬಹುದಿತ್ತು, ತಟ್ಟೆ ನೂಕಬಹುದಿತ್ತು. ನನ್ನ ಬಾಯನ್ನು ನನಗೇ ಗೊತ್ತಿಲ್ಲದಂತೆ ಎತ್ತಿಕೊಂಡು ಹೋಗಿ ಮಾತಾಡಿ ಬಂದಿರಿ. ಮನೆಗೆ ಬಂದು ಕೇಳಿದರೆ ಅನ್ನ ಕಲಸುತ್ತಲೇ "ನಿನ್ ಸುಖಕ್ಕೇ ಕಣೆ ಏಳಿದ್ದು" ಎಂದಿರಿ. ನಿಮ್ಮ ಪ್ರೀತಿಯ ರೀತಿ ಇದು: ಕೂರಿಸಿ ಕೆಡಿಸುವ ನೀತಿ.

ಆ ಕೆಲಸವನ್ನೂ ಬಿಟ್ಟು ಇಲ್ಲಿಗೆ ಬಂದೆ. ಇಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸುವವಳು ಕೋಮಲ ಎಂಬ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಕಿರಾಣಿ ಅಂಗಡಿ ಮೇಲಿನ ತಗಡಿನ ಕೋಣೆ, ಕರೆಂಟು ಬಂದರೆ ಬಂತು. ಜೊತೆಯ ಹುಡುಗರು "ಆಂಟೀ, ಬ್ರಾಕೆಟ್ ಮುಚ್ಚಿಲ್ಲ ನೋಡಿ" ಎಂದು ನಗುತ್ತಾರೆ. ಮುಚ್ಚುತ್ತೇನೆ. ಇಂಗ್ಲಿಷಿನ ಪುಸ್ತಕ ಅರ್ಥವಾಗದೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತದ್ದೂ ಉಂಟು. ಆದರೆ ಅದು ನನ್ನ ಅಳು, ನಾನೇ ಆರಿಸಿಕೊಂಡದ್ದು. ಕಲಿಕೆ ಚೆನ್ನಾಗಿ ಸಾಗುತ್ತಿದೆ.

ಸಿಟ್ಟು ಇಳಿದಿದೆ. ನಾನು ಬರುವುದಿಲ್ಲ. ಸಿಟ್ಟು ಇಳಿದ ಮೇಲೂ ಬರಲು ಮನಸ್ಸಿಲ್ಲ ಎಂಬುದೇ ನನಗೆ ಹೆದರಿಕೆ.

ಇಂತಿ,
ಮಾಲಿನಿ

ಸಹಿ ಹಾಕಿದ ಮೇಲೆ ಬರೆದದ್ದು: ಚೆನ್ನಾಗಿ ಸಾಗುತ್ತಿದೆ ಎಂದದ್ದು ಸುಳ್ಳು. ನಿನ್ನೆ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಫೇಲಾದವಳು ನಾನೊಬ್ಬಳೇ. ನಿನ್ನೆಯೇ ಗುರುಪ್ರಕಾಶ್ ಫೋನ್ ಮಾಡಿ, ಹಳೇ ಜಾಗ ಇನ್ನೂ ಖಾಲಿಯಿದೆ, ಬರುತ್ತೀರಾ ಎಂದು ಕೇಳಿದರು. ಅವರಿಂದ ಕೇಳಿಸಿದವರು ನೀವೇ ಇರಬೇಕು. ಬೇಡ ಎಂದೆ. ಫೇಲಾದದ್ದು ಬೆಳಿಗ್ಗೆ, ಬೇಡ ಎಂದದ್ದು ಮಧ್ಯಾಹ್ನ. ಈ ಸಲ ಅಂದವಳು ನಾನೇ.