ಕ್ರಿಯಾಪದಕ್ಕೆ ಮುಂಚಿನ ತಡೆ

ಹುಬ್ಬಳ್ಳಿ
ಫೆಬ್ರವರಿ ೩೦, ೨೧೨೧

ಪೂಜ್ಯ ಮುತ್ತಜ್ಜ ಶಶಿಧರ ಹೆಬಸೂರ ಅವರಿಗೆ ಮರಿಮಗಳು ಮಂದಾರಳ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಲ್ಲ. ನನ್ನ ಅಜ್ಜಿ, ಅಂದರೆ ನಿಮ್ಮ ಮಗಳು, ನಡುವಯಸ್ಸಿನಲ್ಲಿದ್ದಾಗ ಸರಕಾರದವರು ಪಂಚಾಂಗ ತಿದ್ದಿ ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿದರು. ಉಳಿದ ದಿನಗಳನ್ನು ವರ್ಷದ ಕೊನೆಗೆ ಹಬ್ಬವೆಂದು ಇಟ್ಟುಕೊಂಡೆವು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಕಾರ್ಯಕ್ರಮಗಳನ್ನು ಕೇಳಿ ಕೇಳಿ ನಿಮಗೆ ತಿಳಿಯುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ತಪ್ಪಿದ ಕಡೆ ಮನ್ನಿಸಬೇಕು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ಏರ್ಪಾಡಿಗೆ ನಾವು ಇಟ್ಟುಕೊಂಡ ಹೆಸರು ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ತಲುಪಿತೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೋ ಗಂಡನಿಗೋ ನಾಲ್ಕು ಸಾಲು ಬರೆಯುತ್ತಾರೆ. ನನ್ನ ಅವಕಾಶವನ್ನು ನಿಮಗೆಂದೇ ಚಿಕ್ಕಂದಿನಿಂದ ಕಾದಿಟ್ಟಿದ್ದೆ. ನಿಮ್ಮನ್ನು ಹೊಗಳಿ ಬರೆಯಬೇಕೆಂದು. ಈಗ ಬರೆಯುತ್ತಿರುವುದು ಬೇರೆಯೇ ಕಾಗದ. ಇದು ನಿಮ್ಮ ೨೦೨೭ನೇ ಇಸವಿಯ ಬೇಸಿಗೆಗೆ ಮುಟ್ಟಲಿ ಎಂದು ನಮೂದಿಸಿದ್ದೇನೆ.

ನಿಮ್ಮ ಕಾಲದಲ್ಲಿ ಜನ ರಾತ್ರಿ ಊಟ ಮುಗಿಸಿ, ಒಲೆಕಟ್ಟೆ ಒರೆಸಿ, ಮಲಗುವ ಮುಂಚೆ ಟೀವಿಯಲ್ಲಿ ನಿಮ್ಮ ನಗೆ ಕಾರ್ಯಕ್ರಮ ನೋಡುತ್ತಿದ್ದರಂತೆ. ನಾವು ನಿಮ್ಮನ್ನು ನೋಡುವುದು ನಡುಮಧ್ಯಾಹ್ನ. ಬಿಸಿಲು ತಡೆಯಲಾರದಷ್ಟಾದ ಮೇಲೆ ಸಂತೆ, ಶಾಲೆ, ಗಾರೆ ಕೆಲಸ ಎಲ್ಲ ಸಂಜೆಗೂ ರಾತ್ರಿಗೂ ಸರಿದವು. ಬೆಳಗಿನ ಹತ್ತರಿಂದ ಹೊತ್ತು ಇಳಿಯುವ ತನಕ ಬಿಸಿಲುರಜೆ. ಓಣಿಗೊಂದರಂತೆ ನೆಲದಡಿ ಕಟ್ಟಿದ ತಂಪುಕಟ್ಟೆಗೆ ಎಲ್ಲರೂ ಇಳಿಯುತ್ತೇವೆ. ಅಲ್ಲಿ ನೀರು ಚಿಮುಕಿಸಿದ ಚಾಪೆ, ಜೋಳದ ಅಂಬಲಿ, ಹುರಿದ ಶೇಂಗಾ, ಎದುರಿನ ಗೋಡೆಯ ಮೇಲೆ ನಿಮ್ಮ ಮುಖ. ನನ್ನ ತಾಯಿಯ ತಲೆಮಾರಿನವರು ಕಿವಿಯೊಳಗಿನ ಯಂತ್ರದಿಂದ ನಗೆಮಾತು ಕೇಳಿ ಬೆಳೆದವರು. ಯಾರಿಗೆ ಯಾವುದಕ್ಕೆ ನಗು ಬರುತ್ತದೆಂದು ಯಂತ್ರಕ್ಕೆ ಗೊತ್ತಿತ್ತು. ಒಬ್ಬೊಬ್ಬರೂ ತಮ್ಮ ಪಾಡಿಗೆ ನಗುತ್ತ, ನಾಲ್ಕು ಜನ ಕೂಡಿ ಒಂದೇ ಮಾತಿಗೆ ನಗುವುದು ಮರೆತೇಹೋಯಿತು. ಮದುವೆಮನೆಗಳೂ ಮೌನವಾದವು. ಆಗ ಊರಿನವರು ಗಾಬರಿಯಾಗಿ ಶಾಲೆಗಳಲ್ಲಿ ನಗೆಪಾಠ ತಂದರು. ನಾನು ನಗೆಪಾಠದ ಶಿಕ್ಷಕಿ. ಆ ಕೆಲಸ ಸಿಗಲು ನನ್ನ ಅಡ್ಡಹೆಸರೂ ಒಂದು ಕಾರಣ ಎಂಬುದನ್ನು ಮುಚ್ಚಿಡುವುದಿಲ್ಲ.

ಕಳೆದ ತಿಂಗಳು ನಮ್ಮ ಶಾಲೆ ಒಂದು ತೀರ್ಮಾನ ಮಾಡಬೇಕಿತ್ತು. ಎಂಟು ವರ್ಷದ ಮಕ್ಕಳು ಮೊದಲು ಯಾರ ಧಾಟಿಯಲ್ಲಿ ನಗಿಸುವುದನ್ನು ಕಲಿಯಬೇಕು? ನಿಮ್ಮ ಕಾಲದ ರಾತ್ರಿ ಕಾರ್ಯಕ್ರಮಗಳ ನಿರೂಪಕರಲ್ಲಿ ಮೂವರ ಹೆಸರು ಉಳಿದಿತ್ತು. ಮಂಗಳೂರಿನ ವಾಲ್ಟರ್ ಕುಟಿನ್ಹಾ ಮಾತಿಗಿಂತ ಮೈಯಿಂದ ನಗಿಸುವವರು, ಕುರ್ಚಿಯಿಂದ ಜಾರಿ ಬೀಳುವುದನ್ನೇ ಕಲೆ ಮಾಡಿಕೊಂಡವರು. ಮಕ್ಕಳು ಕೈಕಾಲು ಮುರಿದುಕೊಂಡಾರೆಂದು ತಾಯಂದಿರೇ ಅವರನ್ನು ಬೇಡವೆಂದರು. ಉಳಿದವರು ನಿಮ್ಮ ಎದುರಾಳಿ ಜುಬೇದಾ ಸವಣೂರ, ಮತ್ತೆ ನೀವು. ಜುಬೇದಾ ಮೊದಲು ತಮ್ಮನ್ನೇ ಆಡಿಕೊಳ್ಳುತ್ತಿದ್ದರು: ತಮ್ಮ ದಪ್ಪ ಕನ್ನಡಕ, ಹೊತ್ತಿದ ಚಪಾತಿ, ಅತ್ತೆಯ ಎದುರು ಒಣಗುವ ಗಂಟಲು. ಅತಿಥಿ ಬಂದು ಕೂತರೆ ತಾವು ಹಿಂದೆ ಸರಿದು, ಅವರ ಬಾಯಿಂದ ತಮಾಷೆ ಹೊರಡುವ ತನಕ ಕಾಯುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಜುಬೇದಾ ಏನು ಹೇಳಿದರೆಂದು ಯಾರಿಗೂ ನೆನಪಿರುತ್ತಿರಲಿಲ್ಲ, ಅತಿಥಿ ಎಷ್ಟು ಚೆನ್ನಾಗಿ ಮಾತಾಡಿದರು ಎಂಬುದು ನೆನಪಿರುತ್ತಿತ್ತು. ನೀವು ಹಾಗಲ್ಲ. ಎದುರಿಗೆ ಕೂತವರ ಮಾತಿನಲ್ಲಿ ಸಡಿಲವಾದ ಎಳೆ ಎಲ್ಲಿದೆಯೆಂದು ಹುಡುಕಿ ಎಳೆಯುವವರು. ಜೊತೆಗೆ ನಿಮ್ಮ ತಡೆ.

‘ಹೆಬಸೂರ ತಡೆ’ ಎಂದರೆ ನಿಮಗೆ ಈಗ ತಿಳಿಯದು. ಏಕೆ ತಿಳಿಯದು ಎಂಬುದೇ ಈ ಕಾಗದದ ವಿಷಯ. ಕನ್ನಡದ ವಾಕ್ಯ ಕೊನೆಯ ಪದದ ತನಕ ತನ್ನ ಗುಟ್ಟು ಬಿಡುವುದಿಲ್ಲ. ಕ್ರಿಯಾಪದ ಬರುವವರೆಗೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ನೀವು ಆ ಪದದ ಹೊಸ್ತಿಲಲ್ಲಿ ನಿಲ್ಲುತ್ತಿದ್ದಿರಿ. “ನಮ್ಮ ಮಂತ್ರಿಗಳು ಈ ವರ್ಷ ರಸ್ತೆಯ ಎಲ್ಲ ಗುಂಡಿಗಳನ್ನೂ...” ಎಂದು ಗಲ್ಲ ಮೇಲೆತ್ತಿ, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ “ಎಣಿಸಿದ್ದಾರೆ” ಎನ್ನುತ್ತಿದ್ದಿರಿ. ನಾಡೇ ನಗುತ್ತಿತ್ತು. ನಿಮ್ಮ ಮೊದಲ ಎರಡು ವರ್ಷದ ಕಾರ್ಯಕ್ರಮಗಳಲ್ಲಿ ಇದು ಇಲ್ಲ. ಮೂರನೇ ವರ್ಷದ ಶ್ರಾವಣದಲ್ಲಿ ಇದ್ದಕ್ಕಿದ್ದ ಹಾಗೆ, ಪೂರ್ಣ ಬೆಳೆದು ಬರುತ್ತದೆ. ಪ್ರತಿಭೆ ಅರಳುವುದು ಹೀಗೆ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ.

ತೀರ್ಮಾನದ ದಿನ ನಮ್ಮ ಓಣಿಯ ತಂಪುಕಟ್ಟೆ ತುಂಬಿತ್ತು. ಮುಖ್ಯಶಿಕ್ಷಕರಾದ ಫಕೀರಪ್ಪ ಮಾಸ್ತರು ಜುಬೇದಾ ಅವರ ಪರವಾಗಿ ಮಾತಾಡಿದರು. ನಾನು ನಿಮ್ಮ ಪರವಾಗಿ ಎದ್ದೆ. ತಡೆ ಮೊಟ್ಟಮೊದಲು ಕೇಳಿಸುವ ನಿಮ್ಮ ಸಾಲನ್ನು ನಿಮ್ಮ ಹಾಗೆಯೇ ಗಲ್ಲವೆತ್ತಿ ಹೇಳಿದೆ: “ನಮ್ಮ ಇಂಗ್ಲಿಷ್ ಮೇಷ್ಟ್ರು ಐದು ವರ್ಷ ನಮಗೆ ಇಂಗ್ಲಿಷಿನಲ್ಲಿ... ಹೊಡೆದರು.” ಜನ ನಕ್ಕರು. ಆ ಹುಮ್ಮಸ್ಸಿನಲ್ಲೇ ನಿಮ್ಮ ಅತ್ಯಂತ ಜನಪ್ರಿಯ ತುಣುಕನ್ನು ಗೋಡೆಯ ಮೇಲೆ ಬಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಒಬ್ಬ ಹುಡುಗಿ. ಇಪ್ಪತ್ತು ವಯಸ್ಸಿರಬಹುದು, ಹಸಿರು ಚೂಡಿದಾರ. ಅವಳು ಇಂಗ್ಲಿಷಿನಲ್ಲಿ ತಡವರಿಸಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದ್ದರು, ನೀವು ಅವಳನ್ನು ಕರೆಸಿಕೊಂಡಿರಿ. ಇಂಗ್ಲಿಷಿನಲ್ಲಿ ಕೂಗಿ ತೋರಿಸು ಎಂದಿರಿ. ಅವಳು “ಪ್ಲಾಟ್‌ಪಾರಂ” ಎಂದಳು. “ಪ್ಲಾಟ್ ಪಾರಂ? ಅಂದ್ರೆ ಪಾರಂ ತುಂಬಿದ್ರೆ ಪ್ಲಾಟ್ ಸಿಗುತ್ತಾ?” ಎಂದು ಜನರ ಕಡೆ ತಿರುಗಿದಿರಿ. ಮತ್ತೆ ಹೇಳಿಸಿದಿರಿ, ಮತ್ತೆ. ಅವಳು ನಗಬೇಕೋ ಬೇಡವೋ ತಿಳಿಯದೆ ದುಪಟ್ಟಾ ಸರಿಮಾಡಿಕೊಂಡಳು. ತಂಪುಕಟ್ಟೆಯಲ್ಲಿ ನಗು ಉಕ್ಕಿತು. ನೂರು ಸಲ ನೋಡಿದ್ದೆನಾದರೂ ನಾನೂ ನಕ್ಕೆ.

“ಅದು ಅರ್ಧಾನ ಐತಿ” ಎಂದು ಹಿಂದಿನಿಂದ ಒಂದು ದನಿ ಬಂತು.

ಪಕ್ಕದ ಓಣಿಯ ತಂಪುಕಟ್ಟೆ ದುರಸ್ತಿಯಲ್ಲಿದ್ದುದರಿಂದ ಆ ದಿನಗಳಲ್ಲಿ ಅಲ್ಲಿನ ಮುದುಕರು ನಮ್ಮಲ್ಲಿಗೆ ಬರುತ್ತಿದ್ದರು. ಅವರಲ್ಲೊಬ್ಬ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಿದ್ದರು. ವಯಸ್ಸು ನೂರಾ ಹದಿನಾಲ್ಕು. ಈಗ ಅದೇನೂ ಅಪರೂಪವಲ್ಲ.

“ಏನು ಅರ್ಧ, ಅಜ್ಜಿ?” ಎಂದರು ಫಕೀರಪ್ಪ ಮಾಸ್ತರು.

“ಆ ಹುಡುಗಿ ಆಮ್ಯಾಲೆ ಮಾತಾಡಿದ್ಲು. ಅದನ್ನ ತಗದಾರ.”

“ನಿಮಗ ಹೆಂಗ ಗೊತ್ತು?”

“ನಾನ ಅಲ್ಲೇನು ಆಕಿ.”

ಅವರ ಹೆಸರು ಶಿವಲೀಲಾ ಬಡಿಗೇರ. ಎಲ್ಲರೂ ತಿರುಗಿ ನೋಡುತ್ತಿದ್ದಂತೆ ಅವರು ನನ್ನ ಕಡೆ ಕೈ ತೋರಿಸಿ ಹೇಳಿದರು: “ಇಂಗ್ಲಿಷ್ ಎಲ್ಲಿ ಕಲತಿ ಅಂತ ಕೇಳಿದ್ರು ಈಕಿ ಮುತ್ತ್ಯಾ. ನಾ ಅಂದೆ, ನಮ್ಮ ಸಾಲ್ಯಾಗ ಒಬ್ರು ಮಾಸ್ತರು ಇದ್ರರಿ. ಐದು ವರ್ಷ ನಮಗ ಇಂಗ್ಲಿಷ್‌ನ್ಯಾಗ...”

ನಿಂತರು. ಗಲ್ಲ ಮೇಲೆತ್ತಿದರು. ಕಣ್ಣು ಮುಚ್ಚಿದರು. ಆಗಷ್ಟೇ ಅದೇ ಸಾಲು ಕೇಳಿದ್ದ ಜನ, ಮುಂದಿನ ಪದ ಗೊತ್ತಿದ್ದ ಜನ, ಉಸಿರು ಹಿಡಿದು ಮುಂದಕ್ಕೆ ಬಾಗಿದರು.

“ಹೊಡದ್ರು.”

ಅಂಥ ನಗುವನ್ನು ನಾನು ಕೇಳಿರಲಿಲ್ಲ. ಅಂಬಲಿಯ ಲೋಟ ಉರುಳಿದರೂ ಎತ್ತುವವರಿಲ್ಲ. ನಾನು ಮಾತ್ರ ನಗಲಿಲ್ಲ. ನಿಮ್ಮ ತಡೆಯನ್ನು ಇಪ್ಪತ್ತು ವರ್ಷದಿಂದ ಅಳೆದು ತೂಗಿ ಕಲಿಸಿದವಳು ನಾನು. ನೀವು ಏಕೆ ಗಲ್ಲವೆತ್ತುತ್ತೀರಿ, ಏಕೆ ಕಣ್ಣು ಮುಚ್ಚುತ್ತೀರಿ ಎಂದು ಮಕ್ಕಳು ಕೇಳಿದರೆ, ಅದು ಅವರ ಶೈಲಿ ಎನ್ನುತ್ತಿದ್ದೆ. ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ. ನಗು ಇಳಿದ ಮೇಲೆ ಫಕೀರಪ್ಪ ಮಾಸ್ತರು ಅದೇ ಪ್ರಶ್ನೆಯನ್ನು ಅಜ್ಜಿಗೆ ಕೇಳಿದರು.

“ಬಸ್‌ಸ್ಟ್ಯಾಂಡ್ ದೊಡ್ಡದಿತ್ತಲ್ಲರಿ,” ಎಂದರು ಅವರು. “ಮೈಕಿನ ದನಿ ಆಚಿ ಗ್ವಾಡಿಗೆ ಬಡದು ತಿರಗಿ ಬರೂ ತನಕ ನಿಲ್ಲಬೇಕಿತ್ತು. ಇಲ್ಲಂದ್ರ ಮಾತಿನ ಮ್ಯಾಲ ಮಾತು ಬೀಳತಿತ್ತು. ಕಣ್ಣ ಮುಚ್ಚಿದ್ರ ಚಲೋ ಕೇಳತೈತಿ.”

ನಿಮ್ಮ ಸ್ಟುಡಿಯೋದಲ್ಲಿ ಮಾರ್ದನಿ ಇರಲಿಲ್ಲ, ಮುತ್ತಜ್ಜ. ಗೋಡೆಗೆಲ್ಲ ಮೆತ್ತೆ ಹೊದಿಸಿತ್ತು. ನೀವು ಅಲ್ಲಿ ನಿಂತು ಯಾವ ದನಿಗಾಗಿ ಕಾಯುತ್ತಿದ್ದಿರಿ?

ಶಿವಲೀಲಾ ಅವರ ಮುಂದಿನ ಬದುಕು ಅವರ ಬಾಯಲ್ಲಿ ನಾಲ್ಕೇ ಮಾತಿನಲ್ಲಿ ಮುಗಿಯಿತು. ಕಾರ್ಯಕ್ರಮ ಬಂದ ಮೇಲೆ ಅವರು ಮೈಕು ಹಿಡಿದರೆ ಸಾಕು, ಪ್ರಯಾಣಿಕರು “ಪ್ಲಾಟ್‌ಪಾರಂ” ಎಂದು ಕೂಗತೊಡಗಿದರು. ಕೆಲಸ ಬಿಟ್ಟು ಬಾಗಲಕೋಟೆಯ ಸೋದರತ್ತೆಯ ಮನೆಗೆ ಹೋದರು. ಮರುವಾರವೇ ಆ ಮನೆಯ ಟೀವಿಯಲ್ಲಿ ನೀವು ಅವರ ಮಾತನ್ನು, ಅವರ ತಡೆಯ ಸಮೇತ, ನಿಮ್ಮದೆಂದು ಹೇಳಿದಿರಿ. ಮನೆಮಂದಿಯೆಲ್ಲ ನಕ್ಕರು. “ಅದು ನಂದು, ನಾ ಹೇಳಿದ್ದು” ಎಂದು ಈಕೆ ಅತ್ತರು. “ಆತು ಬಿಡವ್ವ, ಮಲ್ಕೋ ಹೋಗು” ಎಂದರು ಅತ್ತೆ. ಆಮೇಲೆ ಬಟ್ಟೆ ಹೊಲಿದು ಬದುಕಿದರು. ಗುಂಪಿನ ನಡುವೆ ಮಾತಾಡಲು ಎದ್ದು ನಿಂತದ್ದು ಅಲ್ಲಿಂದೀಚೆಗೆ ಅದೇ ಮೊದಲು.

“ಮಂದಾರ, ನೀ ಏನಂತಿ?” ಎಂದು ಫಕೀರಪ್ಪ ಮಾಸ್ತರು ಕೇಳಿದರು.

ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ನೂರಾ ಹದಿನಾಲ್ಕು ವರ್ಷದ ಮುದುಕಿ, ನೆನಪು ಕಲಸಿಹೋಗಿರಬಹುದು ಎನ್ನೋಣವೆಂದು ಬಾಯಿ ತೆರೆದಿದ್ದೆ. ಎದುರಿಗೆ ನನ್ನ ವಿದ್ಯಾರ್ಥಿಗಳು ಕೂತಿದ್ದರು. ಅವರ ಮುಖ ನೋಡಿದರೆ ಅವರಿಗೆ ಆಗಲೇ ಎಲ್ಲ ತಿಳಿದಿತ್ತು. ನಾನೇ ಕಿವಿ ತಿದ್ದಿ ಬೆಳೆಸಿದ ಮಕ್ಕಳು, ಅಸಲು ಯಾವುದು ನಕಲು ಯಾವುದೆಂದು ಅವರಿಗೆ ತಿಳಿಯದೇ ಇರುತ್ತದೆಯೇ? “ಅವರು ಹೇಳಿದ್ದು ಖರೆ” ಎಂದು ಹೇಳಿ ಕೂತುಬಿಟ್ಟೆ. ಎರಡನೇ ಸಾಲಿನಲ್ಲಿದ್ದ ನನ್ನ ತಾಯಿ ಎದ್ದು ಹೊರಟುಹೋದರು, ಆ ಉರಿಬಿಸಿಲಿನಲ್ಲಿ. ಮನೆಗೆ ಹೋದಾಗ ಬಾಗಿಲಲ್ಲೇ ಕೇಳಿದರು: “ಮೂರು ತಲಿಮಾರು ಉಂಡ ಹೆಸರು ಅದು. ನೀನ ನಿನ್ನ ಕೈಯಾರೆ ಅಳಸಿದಿ?” ಇನ್ನೂ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಎರಡು ದಿನ ಬಿಟ್ಟು ಶಿವಲೀಲಾ ಅವರ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದು ಹೋದವಳು ಹೊಸ್ತಿಲಲ್ಲೇ ಅತ್ತುಬಿಟ್ಟೆ. ಅವರು ಕೂರಿಸಿ, ತಾವೇ ಚಹಾ ಮಾಡಿ ಕೊಟ್ಟರು.

“ನೀ ಯಾಕ ಅಳ್ತಿ? ನೀ ಆಗಿನ್ನೂ ಹುಟ್ಟಿರಲಿಲ್ಲ.”

“ನಾನೂ ನಕ್ಕೆನ್ರಿ, ಅಜ್ಜಿ. ದಿನಾ ನಕ್ಕೀನಿ.”

ಅವರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು. ಚಹಾ ಮುಗಿದ ಮೇಲೆ, ಬಹುಕಾಲದಿಂದ ಕೇಳಬೇಕೆಂದಿದ್ದವರ ಹಾಗೆ ಕೇಳಿದರು: “ನಿಮ್ಮ ಮುತ್ತ್ಯಾ ಮನ್ಯಾಗ ನಗತಿದ್ನೇನು?”

ನನ್ನ ಅಜ್ಜಿ ಹೇಳುತ್ತಿದ್ದುದು ನೆನಪಿತ್ತು. ನೀವು ಮನೆಯಲ್ಲಿ ತಟ್ಟೆಯಿಂದ ತಲೆಯೆತ್ತದೆ ಉಣ್ಣುತ್ತಿದ್ದಿರಂತೆ. ನಿಮ್ಮ ಮಗಳು ನಿಮ್ಮ ಹಾಗೆ ತಡೆದು ಮಾತಾಡಿ ನಗಿಸಲು ಹೋದರೆ ಎದ್ದು ಒಳಗೆ ಹೋಗುತ್ತಿದ್ದಿರಂತೆ. ಅದನ್ನು ನಾವು ದೊಡ್ಡ ಕಲಾವಿದರ ಗಾಂಭೀರ್ಯ ಎಂದುಕೊಂಡಿದ್ದೆವು.

“ಇಲ್ಲರಿ” ಎಂದೆ.

“ಪಾಪ” ಎಂದರು ಶಿವಲೀಲಾ.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಕ್ಕಳ ಮೊದಲ ಪಾಠಕ್ಕೆ ಜುಬೇದಾ ಸವಣೂರ ಅವರ ಧಾಟಿಯೇ ನಿಗದಿಯಾಗಿದೆ. ಎರಡನೇ ಪಾಠದಲ್ಲಿ ತಡೆಯೂ ಇದೆ, ಶಿವಲೀಲಾ ಬಡಿಗೇರ ಅವರ ಹೆಸರಿನಲ್ಲಿ. ಅವರು ಆಗಾಗ ಶಾಲೆಗೆ ಬಂದು ಮಕ್ಕಳ ನಡುವೆ ಕೂರುತ್ತಾರೆ. ಮೈಕು ಕೊಟ್ಟರೆ ಮಾತ್ರ ಇವತ್ತಿಗೂ ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಪುಸ್ತಕದಲ್ಲಿ ಹೆಸರು ಬದಲಾಯಿಸುವುದು ನನ್ನಿಂದ ಆಯಿತು. ಅವರ ಇಪ್ಪತ್ತನೇ ವಯಸ್ಸು ನನ್ನ ಕೈಗೆ ಸಿಗುವುದಿಲ್ಲ. ಅದು ನಿಮ್ಮ ಕೈಯಲ್ಲಿದೆ.

ಆದ್ದರಿಂದ ಇದೊಂದೇ ಬೇಡಿಕೆ. ಈ ಕಾಗದ ತಲುಪಿದ್ದರೆ ನೆನಪಿಡಿ: ಬರುವ ಆಗಸ್ಟಿನಲ್ಲಿ ನಿಮ್ಮ ಸ್ಟುಡಿಯೋಕ್ಕೆ ಹಸಿರು ಚೂಡಿದಾರದ ಒಬ್ಬ ಹುಡುಗಿ ಬರುತ್ತಾಳೆ. ಅವಳನ್ನು ಆಡಿಕೊಳ್ಳುವುದು ನಿಮ್ಮ ಸ್ವಭಾವ, ಅದನ್ನು ನಾನು ತಿದ್ದಲಾರೆ. ಅವಳು ಉತ್ತರ ಕೊಡುತ್ತಾಳೆ. ಇಡೀ ಸಭೆ ಅವಳ ಮಾತಿಗೆ ನಗುತ್ತದೆ. ಅದನ್ನು ಕತ್ತರಿಸಬೇಡಿ. ನೀವೂ ಅವರೊಂದಿಗೆ ಕೂತು ನಕ್ಕುಬಿಡಿ. ಹಾಗೆ ಮಾಡಿದರೆ ನಿಮಗೆ ಅಂಥ ಹೆಸರು ಬರದೇ ಹೋಗಬಹುದು, ನನಗೆ ಈ ಕೆಲಸ ಸಿಗದೇ ಹೋಗಬಹುದು. ಅದಕ್ಕೆ ನಾನು ಒಪ್ಪಿ ಬರೆದಿದ್ದೇನೆ. ಮನೆಗೆ ಹೋಗಿ ಮಗಳ ಪಕ್ಕದಲ್ಲಿ ಕೂತು ಉಣ್ಣಿ. ಅವಳು ನಿಮ್ಮನ್ನು ನಗಿಸಬೇಕೆಂದು ತುಂಬ ಆಸೆಪಟ್ಟಿದ್ದಳು.

ಇನ್ನು ನಿಮಗೆ ಬರೆಯಲು ನನಗೆ ಅವಕಾಶವಿಲ್ಲ.

ನಿಮ್ಮ ಮರಿಮಗಳು,
ಮಂದಾರ