ಟವೆಲ್ ಕೆಳಗಿನ ಬೆಲೆ

ಯಲಹಂಕ ಸಂತೆಯ ಸಾರ್ವಭೌಮ, ಕುರಿ ವ್ಯಾಪಾರ ಧುರಂಧರ, ಗುಪ್ತಬೆರಳು ವಿದ್ಯಾವಿಶಾರದ, ಕೆಂಪು ಚೌಕಳಿ ಟವೆಲ್ ಕಿರೀಟಧಾರಿ, ದಲ್ಲಾಳಿ ಕುಲತಿಲಕರಾದ ನಮ್ಮ ತಾತನವರ ಪರಲೋಕ ಸನ್ನಿಧಾನಕ್ಕೆ, ಹುಣಸಮಾರನಹಳ್ಳಿಯಿಂದ ತಮ್ಮ ಮೊಮ್ಮಗನ ದೀರ್ಘದಂಡ ನಮಸ್ಕಾರಗಳು.

ಸಾಕಾ ತಾತ? ಇಷ್ಟುದ್ದ ಬಿರುದು ಕೊಟ್ಟು ರೇಗಿಸೋಕೆ ಮನೇಲಿ ಈಗ ಯಾರೂ ಇಲ್ಲ. "ಮುಚ್ಚಲಾ ಬಾಯಿ, ನಾಟಕ್ದೋನೆ" ಅಂತ ಬೈಯೋರೂ ಇಲ್ಲ. ಜಗಲಿ ಮೇಲೆ ನೀನು ಕೂತು ಕೂತು ನುಣುಪಾದ ಜಾಗದಲ್ಲಿ ಯಾರೂ ಕೂರಲ್ಲ. ಎಲ್ಲರೂ ಸುತ್ತಿ ಹೋಗ್ತಾರೆ.

ಮೊದಲ ಸಲ ನನ್ನನ್ನ ಸಂತೆಗೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ನೀನೂ ಒಬ್ಬ ಮೀಸೆಯವನೂ ಟವೆಲ್ ಕೆಳಗೆ ಕೈ ಕೈ ಹಿಡಿದು, ಮುಖ ಕಲ್ಲು ಮಾಡಿಕೊಂಡು ನಿಂತಿದ್ರಿ. "ತಾತ, ನಿಂಗೂ ಅವ್ನಿಗೂ ಮದ್ವೆನಾ?" ಅಂತ ಜೋರಾಗಿ ಕೇಳಿಬಿಟ್ಟಿದ್ದೆ. ಸಂತೆಯೆಲ್ಲ ನಕ್ಕಿತ್ತು. ನೀನು ನಗಲಿಲ್ಲ. ಬೆರಳು ಅಮುಕಿ ಬೆಲೆ ಹೇಳ್ತಾ ಇದ್ದೆ. ವ್ಯಾಪಾರ ಮುಗಿದಮೇಲೆ ಕೇಳಿದೆ, ಬೆಲೆ ಕೂಗಿ ಹೇಳಿದ್ರೆ ಏನು ಗಂಟು ಹೋಗ್ತದೆ?

"ಕೂಗಿದ್ರೆ ಮರ್ವಾದೆ ಬೆಲೆ ಏಳ್ತಾರೆ ಕಣ್ಲಾ. ಅಮುಕಿದ್ರೆ ಆಸೆ ಬೆಲೆ ಏಳ್ತಾರೆ," ಅಂದೆ. "ಇಬ್ರೂ ನಾನೇ ಗೆದ್ದೆ ಅನ್ಕಂಡು ಎದ್ದೋದ್ರೆ ಅದು ಯಾಪಾರ. ಒಬ್ನೇ ಗೆದ್ರೆ ಅದು ಜಗಳ."

ಇನ್ನೊಂದು ಸಲ, ಹೊಸತೊಡಕಿನ ಬಾಡೂಟಕ್ಕೆ ಮುಂಚೆ ಕುರಿ ಬೆಲೆ ಏರಿದಾಗ ನಿನ್ನನ್ನ "ಹಗಲುಗಳ್ಳ ಮಹಾಪ್ರಭು" ಅಂತ ಕರೆದಿದ್ದೆ. ನೀನು ಬೀಡಿ ಹಚ್ಚಿಕೊಂಡು, "ನಾನೆಲ್ಲಿ ಏರ್ಸಿದ್ನಲಾ? ಇಲ್ಲಿ ಕುರಿ ಸಾಲ್ದು ಅಂತ ಮಾಕಳಿಯಾಚೆ ಇರೋನಿಗೆ ಯಾರು ಏಳ್ಬೇಕು? ಬೆಲೆನೇ ಓಗಿ ಏಳ್ತದೆ," ಅಂದಿದ್ದೆ. ನಾಲ್ಕೇ ದಿನಕ್ಕೆ ಆ ಕಡೆಯಿಂದ ಕುರಿ ತುಂಬಿದ ಟೆಂಪೋಗಳು ಬಂದವು, ಬೆಲೆ ತಾನಾಗಿ ಇಳೀತು. ನಾನು ಬಿರುದು ವಾಪಸ್ ತಗೊಳ್ಳಲಿಲ್ಲ. ತಗೋಬೇಕಿತ್ತೇನೋ...

ನಿನ್ನ ತಿಥಿ ಊಟ ಮುಗಿದ ಮಧ್ಯಾಹ್ನ ನಿನ್ನ ಸಾಮಾನು ಹಂಚೋಕೆ ಅಪ್ಪ ಚೀಟಿ ಎತ್ತಿಸಿದ. ನಿನ್ನ ಮೂರು ಮಕ್ಕಳಿಗೆ ಮೂರು ಸಾಮಾನು. ಆರ್.ಟಿ. ನಗರದ ಮೂರನೇ ಮಹಡಿಯ ದೊಡ್ಡತ್ತೆಗೆ ನೀನು ಸಾಕಿದ ಟಗರು ಬಂತು. ಮನೆ ಹಿಂದೆ ಕೊಟ್ಟಿಗೆ ಇರೋ ಚಿಕ್ಕತ್ತೆಗೆ ನಿನ್ನ ಕೆಟ್ಟ ರೇಡಿಯೋ. ಅಪ್ಪನಿಗೆ ಹಿತ್ತಾಳೆ ಹಂಡೆ.

"ಟಗರನ್ನ ಲಿಫ್ಟಲ್ಲಿ ಕರ್ಕೊಂಡು ಹೋಗ್ಲೇನೋ?" ಅಂತ ದೊಡ್ಡತ್ತೆ.

"ನಂಗೇನೂ ಬೇಡಪ್ಪ, ಎಲ್ಲಾ ನೀವೇ ಇಟ್ಕೊಳ್ಳಿ. ಇನ್ನು ಈ ಹೊಸಲು ತುಳಿದ್ರೆ ಕೇಳಿ," ಅಂತ ಚಿಕ್ಕತ್ತೆ ಬ್ಯಾಗ್ ಎತ್ತಿಕೊಂಡಳು.

ಬದಲಾಯಿಸಿಕೊಂಡಿದ್ರೆ ಮುಗೀತಿತ್ತು. ಆದ್ರೆ ಸಾವಿನ ಮನೇಲಿ "ನಂಗೆ ಅದು ಬೇಕು" ಅಂತ ಮೊದಲು ಬಾಯಿ ಬಿಡೋರು ಯಾರು? ಎಲ್ಲರೂ ಮರ್ಯಾದೆ ಬೆಲೆ ಕೂಗ್ತಾ ಇದ್ರು. ನಿನ್ನ ಮನೆ ಮೂರು ಹೋಳಾಗೋದನ್ನ ನೋಡ್ತಾ ಕೂರೋದಾ ನಾನು?

ಒಳಗೆ ಹೋಗಿ ಕೆಂಪು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದೆ. "ಸ್ವರ್ಗಸ್ಥ ತಾತನವರ ಅಪ್ಪಣೆಯಂತೆ ಮಹಾಸಂತೆ ಪ್ರಾರಂಭ!" ಅಂತ ಸಾರಿದೆ. ಅಪ್ಪ ಚಪ್ಪಲಿ ಹುಡುಕಿದ. ಆದ್ರೆ ದೊಡ್ಡತ್ತೆ ಟವೆಲ್ ಎಳೆದು ಮೂಸಿ, "ಅಪ್ಪನ ವಾಸನೇನೇ ಕಣೋ," ಅಂತ ಅಳೋಕೆ ಶುರು ಮಾಡಿದಳು. ಆಮೇಲೆ ಯಾರೂ ಏಳಲಿಲ್ಲ.

ಮೂವರಿಗೂ ಸಮಸಮ ಹುಣಸೆಬೀಜ ಎಣಿಸಿ ಕೊಟ್ಟೆ. ಒಂದು ಬೆರಳಿಗೆ ಒಂದು ಬೀಜ. ಒಬ್ಬೊಬ್ಬರೇ ಟವೆಲ್ ಕೆಳಗೆ ಕೈ ಕೊಟ್ಟು ನನ್ನ ಬೆರಳು ಅಮುಕಬೇಕು. ಹೆಚ್ಚು ಅಮುಕಿದವರಿಗೆ ಸಾಮಾನು. ತಾತ, ಟವೆಲ್ ಕೆಳಗೆ ಮನುಷ್ಯರು ಬೇರೇನೇ! ಟಗರಿಗೆ ಚಿಕ್ಕತ್ತೆ ಐದೂ ಬೆರಳು ಅಮುಕಿದಳು. ಅದು ಮರಿಯಾಗಿದ್ದಾಗ ಹಾಲು ಕುಡಿಸಿದ್ದು ಅವಳೇ ಅಲ್ವಾ? ದೊಡ್ಡತ್ತೆಗೆ ಹಂಡೆ ಬೇಕಿತ್ತು. ರೇಡಿಯೋಗೆ ಅಪ್ಪ ನನ್ನ ಕೈ ಮುರಿಯೋ ಹಂಗೆ ಹಿಡಿದ. ಸೌಂಡ್ ಕಮ್ಮಿ ಮಾಡು ಅಂತ ನಿನ್ನ ಹತ್ರ ದಿನಾ ಕಿತ್ತಾಡ್ತಿದ್ದ ಅಪ್ಪ! ಬೀಜ ಮುಗಿದಮೇಲೂ ಕೈ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

ಮೂವರೂ ಗೆದ್ದವರ ಹಂಗೆ ಎದ್ದರು. ಅಳ್ತಾನೇ ಎದ್ದರು, ಆದ್ರೂ ಗೆದ್ದವರ ಹಂಗೆ. ನಿಂಗೆ ಗೊತ್ತಿಲ್ಲದ ಸಮಾಚಾರ: ಈ ಯುಗಾದಿಗೆ ಚಿಕ್ಕತ್ತೆ ಹೊಸಲು ತುಳಿದಳು, ಟಗರಿನ ಸಮೇತ. ಅಪ್ಪ ಕೆಟ್ಟ ರೇಡಿಯೋ ಪಕ್ಕದಲ್ಲೇ ಮಲಗ್ತಾನೆ.

ಅವತ್ತು ಕೊನೆಗೆ ಯಾರೋ ಕೇಳಿದ್ರು, ಟವೆಲ್ ಯಾರಿಗೆ ಅಂತ. "ಟವೆಲನ್ನೇ ಮಾರಿದ್ರೆ ಯಾವುದರ ಕೆಳಗೆ ಕೈ ಹಿಡಿಯೋದು?" ಅಂತ ಗಂಭೀರವಾಗಿ ಹೇಳಿ ಎಲ್ಲರ ಬಾಯಿ ಮುಚ್ಚಿಸಿದೆ.

ಒಂದು ಸಣ್ಣ ವಿಷಯ ತಾತ, ಬೈಬೇಡ. ಅದು ನಿನ್ನ ಟವೆಲ್ ಅಲ್ಲ. ನಿನ್ನ ಸಾಮಾನು ಹಂಚ್ತಾರೆ ಅಂತ ಗೊತ್ತಾಗಿ, ಹಿಂದಿನ ದಿನವೇ ಯಲಹಂಕದಲ್ಲಿ ಅಂಥದ್ದೇ ಹೊಸದು ತಂದು ಟಗರಿನ ಮೈಗೆ ಚೆನ್ನಾಗಿ ಉಜ್ಜಿದ್ದೆ. ದೊಡ್ಡತ್ತೆ ಮೂಸಿ ಅತ್ತಿದ್ದು ಟಗರನ್ನ. ನಿನ್ನದು ನನ್ನ ದಿಂಬಿನೊಳಗಿದೆ. ಸಂತೆಗೆ ತರೋಕೆ ಧೈರ್ಯ ಬರಲಿಲ್ಲ. ನನಗಿಂತ ಒಂದು ಬೆರಳು ಜಾಸ್ತಿ ಯಾರಾದ್ರೂ ಅಮುಕಿಬಿಟ್ಟಿದ್ರೆ?